ಬಾಕ್ಸ್ ಮುಗಿಯಲಿ ಎಂದವನ ಪತ್ರ

ಪ್ರಿಯ ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅರ್ಧ ನಗು, ಅರ್ಧ ಟ್ರಾಫಿಕ್. "ಚಿತ್ರ ಕಲೀತೀನಿ ಅಂತ ದಿನಾ ಗೆರೆ ಎಳೀತೀಯಲ್ಲ, ಬೇಜಾರಾಗೋದಿಲ್ವಾ?" ಅಂತ ಕೇಳಿದ್ದೀಯ. ಉತ್ತರ ಇಲ್ಲೇ, ಎಲ್ಲರೆದುರೇ ಬರೆಯುತ್ತೇನೆ. ನಿನಗೊಬ್ಬನಿಗೇ ಹೇಳಿದರೆ ನೀನು ನಂಬುವವನಲ್ಲ. ನಾಲ್ಕು ಜನ ಹೌದು ಅಂದರೆ ಮಾತ್ರ ನಂಬುತ್ತೀಯ.

ಬೇಜಾರಾಗುತ್ತದೆ ಮಾರಾಯ. ಎರಡು ಚುಕ್ಕಿ ಇಡಬೇಕು. ಪೆನ್ನನ್ನು ಹಾಳೆಗೆ ತಾಗಿಸದೆ ಒಂದರಿಂದ ಇನ್ನೊಂದಕ್ಕೆ ಗಾಳಿಯಲ್ಲೇ ನಾಲ್ಕು ಸಲ ಓಡಿಸಿ, ಆಮೇಲೆ ಒಂದೇ ಏಟಿಗೆ ಗೆರೆ ಎಳೆಯಬೇಕು. ಅದೂ ಹೆಗಲಿನಿಂದ, ಮಣಿಕಟ್ಟಿನಿಂದಲ್ಲ. ಪೆನ್ನೇ ಯಾಕೆ ಅಂದರೆ, ಪೆನ್ಸಿಲ್ ಕೊಟ್ಟರೆ ಕೈ ರಬ್ಬರಿನ ಕಡೆಗೇ ಹೋಗುತ್ತದೆ. ಗೆರೆ ಆದ ಮೇಲೆ ವೃತ್ತ. ಓರೆಯಾಗಿ ಕಾಣುವ ವೃತ್ತ. ಸ್ಟೀಲ್ ಲೋಟವನ್ನು ಸ್ವಲ್ಪ ಮೇಲಿನಿಂದ ನೋಡು: ಬಾಯಿಗಿಂತ ತಳದ ಸುತ್ತು ಜಾಸ್ತಿ ದುಂಡಗಿರುತ್ತದೆ. ಇಷ್ಟು ವರ್ಷ ಅದರಲ್ಲೇ ಚಹಾ ಕುಡಿದೆ, ಕಂಡಿರಲಿಲ್ಲ.

ಉತ್ಸಾಹ ಉಳಿಸಿಕೊಳ್ಳಲು ನಾನು ಮಾಡಿಕೊಂಡದ್ದು ದೊಡ್ಡ ಉಪಾಯವೇನಲ್ಲ. ಒಳ್ಳೆಯ ಸ್ಕೆಚ್ ಬುಕ್ ಕೊಂಡರೆ ಮೊದಲ ಪುಟಕ್ಕೇ ಕೈ ನಡುಗುತ್ತದೆ. ಅದಕ್ಕೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳೇ ಸಾಕು. ಅದನ್ನು ಕಪಾಟಿನಲ್ಲಿ ಇಡುವುದಿಲ್ಲ, ಊಟದ ಮೇಜಿನ ಮೇಲೆ ತೆರೆದೇ ಇಡುತ್ತೇನೆ. ಸಾರಿನ ಕಲೆ ಬೀಳುತ್ತದೆ, ಬೀಳಲಿ. ಪುಟದ ಮೂಲೆಯಲ್ಲಿ ತಾರೀಕು ಹಾಕುತ್ತೇನೆ. ನಿನ್ನೆಯ ಪುಟದ ಜೊತೆ ಹೋಲಿಸಿದರೆ ಏನೂ ಕಾಣುವುದಿಲ್ಲ. ಚೌತಿಯ ಹೊತ್ತಿನ ಪುಟ ತೆಗೆದು ನೋಡಿದರೆ ನಗು ಬರುತ್ತದೆ. ಆ ನಗುವಿನ ಬಲದಲ್ಲಿ ಒಂದು ವಾರ ದಾಟುತ್ತದೆ.

ಕಾರವಾರದಲ್ಲಿರುವುದರ ಲಾಭವೂ ಇದೆ. ಪರ್ಸ್ಪೆಕ್ಟಿವ್, ಅಂದರೆ ಹಾಳೆಯ ಮೇಲೆ ದೂರ-ಹತ್ತಿರ ತೋರಿಸುವ ಪಾಠದಲ್ಲಿ, ಕಣ್ಣಿನ ಮಟ್ಟದ ಗೆರೆ ಅಂತ ಬರುತ್ತದೆ. ಓದಿದರೆ ತಲೆಗೆ ಹೋಗುವುದಿಲ್ಲ. ಟಾಗೋರ್ ಬೀಚಿಗೆ ಬಾ, ಸಮುದ್ರವೇ ತೋರಿಸುತ್ತದೆ. ನೀರು ಆಕಾಶಕ್ಕೆ ತಾಗುವ ಗೆರೆ ಯಾವಾಗಲೂ ನಿನ್ನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಮರಳಿನ ಮೇಲೆ ಕೂತರೆ ಅದೂ ನಿನ್ನ ಜೊತೆ ಇಳಿಯುತ್ತದೆ. ಸದಾಶಿವಗಡದ ಗುಡ್ಡ ಹತ್ತಿದರೆ ಅದೂ ಹತ್ತುತ್ತದೆ. ನಿಂತವನ ಕಣ್ಣಿಗೆ ಆ ಗೆರೆಯಿಂದ ಮೇಲೆ ಎದ್ದಿರುವ ದೋಣಿಯ ತುದಿ, ಅವನ ಕಣ್ಣಿಗಿಂತ ಎತ್ತರವಿದೆ ಅಂತಲೇ ಅರ್ಥ. ಇದು ತಿಳಿದ ದಿನ ನಾನು ಎದ್ದು ಕೂತು, ಎದ್ದು ಕೂತು ಮಾಡುತ್ತಿದ್ದದ್ದನ್ನು ನೋಡಿ ಚುರುಮುರಿಯವ ಸೊಂಟ ಹಿಡಿದಿದೆಯಾ ಅಂತ ಕೇಳಿದ.

ಇಲ್ಲಿಯವರೆಗೆ ಎಲ್ಲ ಸರಿ. ಈಗ ಅಸಲಿ ವಿಷಯ.

ನಾನು ಅನುಸರಿಸುವ ಪಾಠದಲ್ಲಿ ಒಂದು ನಿಯಮ ಇದೆ. ಎಷ್ಟು ಹೊತ್ತು ಅಭ್ಯಾಸ ಮಾಡುತ್ತೀಯೋ ಅಷ್ಟೇ ಹೊತ್ತು ಸುಮ್ನೆ ಮನಸ್ಸಿಗೆ ಬಂದ ಚಿತ್ರ ಬರೆಯಬೇಕು. ಚೆನ್ನಾಗಿ ಬರಬೇಕೆಂದಿಲ್ಲ. ಬರೀ ಗೆರೆ, ಬಾಕ್ಸ್ (ಪೆಟ್ಟಿಗೆಯಂಥ ಆಕಾರ) ಎಳೆದು ಸುಸ್ತಾಗಿ ಬಿಟ್ಟು ಓಡುವವರೇ ಜಾಸ್ತಿ, ಅದಕ್ಕೇ ಈ ನಿಯಮ. ಮೊದಲ ಅರ್ಧ ನಾನು ತಪ್ಪಿಸಿಲ್ಲ. ಎರಡನೇ ಅರ್ಧ ಮಾಡೇ ಇಲ್ಲ. ಒಂದು ದಿನವೂ ಇಲ್ಲ. ಜನ ನನ್ನ ಶಿಸ್ತು ಹೊಗಳುತ್ತಾರೆ. ನನಗೆ ಒಳಗೊಳಗೇ ಇರಿಸುಮುರಿಸು. ಬಾಕ್ಸ್ ನೋಡಿ ಯಾರೂ "ಹೋಲಿಕೆ ಬಂದಿಲ್ಲ" ಅನ್ನುವುದಿಲ್ಲ ನೋಡು.

ಇದನ್ನು ಹೇಳಿದರೆ ಎಲ್ಲರೂ ರವೀಂದ್ರನಾಥ ಟಾಗೋರರನ್ನು ತರುತ್ತಾರೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದಿದ್ದರು. ಚಿತ್ರಕ್ಕೆ ಗಂಭೀರವಾಗಿ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನ. "ನಿನಗಿನ್ನೂ ಟೈಮಿದೆ" ಅಂತ ಸಮಾಧಾನ. ಆದರೆ ಅವರು ಶುರು ಮಾಡಿದ್ದು ಹೇಗೆ? ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಒಂದಕ್ಕೊಂದು ಜೋಡಿಸಿ ಹಕ್ಕಿ, ಪ್ರಾಣಿ ಮಾಡುತ್ತಾ. ನಾನು ಹೊಡೆದುಹಾಕುವ ಪ್ರಮೇಯವೇ ಬಾರದಂತೆ ನೇರ ಗೆರೆ ಎಳೆಯುತ್ತಿದ್ದೇನೆ.

ಮೊನ್ನೆ ಶಿರಸಿಗೆ ಹೋದಾಗ ಆಯಿಯನ್ನು (ಅಮ್ಮನನ್ನು) ಮಾರಿಕಾಂಬೆ ಗುಡಿಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲಿನ ಕಾವಿ ಚಿತ್ರ ತೋರಿಸಿ ಪಾಂಡಿತ್ಯ ಶುರು ಮಾಡಿದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿಯುತ್ತಾರೆ, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ತೆಗೆಯುತ್ತಾರೆ, ಒಣಗಿದರೆ ಮುಗೀತು, ಹೀಗೆಲ್ಲ. ಆಯಿ ಪೂರ್ತಿ ಕೇಳಿ, "ಅದೆಲ್ಲ ಇರ್ಲಿ ತಮಾ, ನಂದೊಂದು ಚಿತ್ರ ಬರಿ ನೋಡನ" ಅಂದಳು.

"ಬಾಕ್ಸ್ ಮುಗೀಲಿ ಆಯಿ" ಅಂದೆ.

ಅವಳು ನಕ್ಕಳು. ನನಗೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ತಿಳಿಯಿತು, ಹೆದರಿಕೆ ಚಿತ್ರ ಕೆಡುತ್ತದೆ ಅಂತಲ್ಲ. ಮುಖ ಬರೆಯಬೇಕಾದರೆ ಅಷ್ಟು ಹೊತ್ತು ನೋಡಬೇಕಲ್ಲ. ಕೆನ್ನೆ ಎಷ್ಟು ಒಳಗೆ ಹೋಗಿದೆ, ಕಣ್ಣಿನ ಕೆಳಗೆ ಎಷ್ಟು ಕಪ್ಪು, ಕುತ್ತಿಗೆಯ ಚರ್ಮ ಎಲ್ಲಿ ಜೋತಿದೆ, ಎಲ್ಲ ಅಳೆದು ಹಾಳೆಗೆ ಹಾಕಬೇಕು. ಈಗ ಊರಿಗೆ ಹೋದರೆ ನಾನು ಅವಳ ಜೊತೆ ಮಾತಾಡುವುದು ಟಿವಿ ನೋಡುತ್ತಾ, ಇಲ್ಲ ಮೊಬೈಲ್ ನೋಡುತ್ತಾ. ಅದು ಅಭ್ಯಾಸ ಅಂದುಕೊಂಡಿದ್ದೆ. ಅಪ್ಪನ ಕೊನೆಯ ತಿಂಗಳುಗಳಲ್ಲೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂರುತ್ತಿದ್ದೆ. ನೀನು ಆಗ ಬಂದಿದ್ದೆ. ಗಮನಿಸಿದ್ದೆಯಾ? ಗಮನಿಸಿದ್ದರೆ ಹೇಳಬೇಡ.

ಛೇ, ಇಷ್ಟು ಬರೆಯುವ ಅಂದಾಜು ಇರಲಿಲ್ಲ. ಲೋಟದ ತಳದ ಹತ್ತಿರವೇ ನಿಲ್ಲಿಸಬೇಕಿತ್ತು, ಅಲ್ವಾ? ಓದುತ್ತಿರುವ ಉಳಿದವರು ದಯವಿಟ್ಟು ಇದನ್ನು ಕಲೆಯ ಬಗೆಗಿನ ಬರಹ ಅಂತಲೇ ತಿಳಿಯಿರಿ.

ನೀನು ಬರುವಾಗ ಚಿತ್ರ ಬರೆಯುವ ಕಾರ್ಟ್ರಿಜ್ ಹಾಳೆ ತಾ, ದಪ್ಪದ್ದು. ಮಳೆ ಹಿಡಿದರೆ ಇಲ್ಲಿಯ ಹಾಳೆ ಥಂಡಿಗೆ ಉಬ್ಬಿ, ಪೆನ್ನು ಇಟ್ಟಲ್ಲೆಲ್ಲ ಶಾಯಿ ಹರಡುತ್ತದೆ. ಹಾಳೆ ತಾ ಅಂದೆ ಅಂತ ಮುಖ ಬರೆಯಲು ಹೊರಟಿದ್ದೇನೆ ಅಂದುಕೊಳ್ಳಬೇಡ. ಸದ್ಯಕ್ಕೆ ಕಿವಿ ಮಾತ್ರ. ಕಿವಿಗೆ ವಯಸ್ಸು ಕಾಣುವುದು ಕಡಿಮೆ, ಮತ್ತೆ ಆಯಿಗೆ ತನ್ನ ಕಿವಿ ಹೇಗಿದೆ ಅಂತ ಗೊತ್ತಿಲ್ಲದ್ದರಿಂದ ತಕರಾರು ತೆಗೆಯುವ ಹಾಗೂ ಇಲ್ಲ. ಅವಳು ನಿನಗೆ ಫೋನ್ ಮಾಡಿದರೆ, ಹುಡುಗ ಬಾಕ್ಸ್ ಬಹಳ ಚೆನ್ನಾಗಿ ಬರೀತಾನೆ ಅನ್ನು.

ನಿನ್ನವ,
ಮೂರನೇ ಬೆಂಚಿನ ಮೊಸಳೆ