ಆ ಸರ್ಟಿಫಿಕೇಟ್ ಈಗ ನನ್ನ ಹತ್ತಿರ ಇಲ್ಲ

ಲೆಸ್ಟರ್, ಇಂಗ್ಲೆಂಡ್
23 ಜೂನ್ 2024

ಅಪ್ಪನಿಗೆ ನಮಸ್ಕಾರಗಳು. ಅಮ್ಮನಿಗೂ.

ಹೋದ ಭಾನುವಾರ ಫೋನಿನಲ್ಲಿ ನೀವು ಮತ್ತೆ ಕೇಳಿದಿರಿ, "ಆ ಬೆಲೆ ಏರಿದಷ್ಟೂ ಬೆಳೆಯೋ ಸರ್ಟಿಫಿಕೇಟ್ ಹೇಗಿದೆ?" ಅಂತ. ಚೆನ್ನಾಗಿದೆ ಅಂದೆ. ಸುಳ್ಳು ಹೇಳಿದೆ ಅಪ್ಪ. ಎಂಟು ವರ್ಷದಿಂದ ಅದನ್ನೇ ಹೇಳುತ್ತಾ ಬಂದಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ನೀವು ಮಧ್ಯದಲ್ಲೇ ಲೆಕ್ಕ ಕೇಳುತ್ತೀರಿ, ನಾನು ತಡವರಿಸುತ್ತೇನೆ. ಅದಕ್ಕೇ ಈ ಪತ್ರ.

2011ರ ಮೇ ತಿಂಗಳಲ್ಲಿ ಅದನ್ನು ಕೊಂಡಾಗ ಎಷ್ಟು ಜಂಬದಿಂದ ಹೇಳಿದ್ದೆ, ನೆನಪಿದೆಯಾ? ಇಲ್ಲಿನ ಸರ್ಕಾರಿ ಉಳಿತಾಯ ಸಂಸ್ಥೆ, ನ್ಯಾಷನಲ್ ಸೇವಿಂಗ್ಸ್ ಅಂಡ್ ಇನ್ವೆಸ್ಟ್‌ಮೆಂಟ್ಸ್, ಇದನ್ನು ಮೊದಲು ತಂದಿದ್ದು 1975ರಲ್ಲಿ. ಆ ವರ್ಷ ಇಲ್ಲಿ ಹಣದುಬ್ಬರ ಶೇ 25 ದಾಟಿತ್ತು. ಮೊದಮೊದಲು ನಿವೃತ್ತಿಯ ವಯಸ್ಸಾದವರಿಗೆ ಮಾತ್ರ ಕೊಡುತ್ತಿದ್ದರು, ಅದಕ್ಕೆ ಜನ ಅದನ್ನು 'ಅಜ್ಜಿ ಬಾಂಡ್' ಅಂತಲೇ ಕರೆದರು. 1981ರಲ್ಲಿ ಎಲ್ಲರಿಗೂ ತೆರೆದರು. ಚಿಲ್ಲರೆ ಬೆಲೆ ಎಷ್ಟು ಏರಿತೋ ಅಷ್ಟು, ಅದರ ಮೇಲೆ ಒಂದು ಚೂರು. ತೆರಿಗೆ ಇಲ್ಲ. ಜೊತೆಗೆ ಸರ್ಕಾರದ ಖಾತ್ರಿ.

ಇಷ್ಟು ಒಳ್ಳೆಯದನ್ನು ಜನ ಬಿಡುತ್ತಾರಾ? ಬ್ಯಾಂಕ್ ಆಫ್ ಇಂಗ್ಲೆಂಡ್ 2009ರಲ್ಲಿ ತನ್ನ ಬಡ್ಡಿಯನ್ನು ಶೇ 0.5ಕ್ಕೆ ಇಳಿಸಿತ್ತು. ಎಲ್ಲರೂ ಇದಕ್ಕೇ ಮುಗಿಬಿದ್ದರು. 2010ರ ಜುಲೈನಲ್ಲಿ ಮಾರಾಟ ನಿಲ್ಲಿಸಿದರು. ಮಾರನೇ ವರ್ಷ ಮೇ ತಿಂಗಳಲ್ಲಿ ಮತ್ತೆ ಬಿಟ್ಟರು, ಸೆಪ್ಟೆಂಬರ್‌ಗೆ ಮತ್ತೆ ಮುಚ್ಚಿದರು. ಹೊಸಬರಿಗೆ ಆ ಬಾಗಿಲು ಇವತ್ತಿಗೂ ತೆರೆದಿಲ್ಲ. ಆ ನಾಲ್ಕು ತಿಂಗಳ ಸಂದಿಯಲ್ಲಿ ನಾನು 10,000 ಪೌಂಡ್ ಹಾಕಿದ್ದೆ. ಬೆಲೆ ಏರಿಕೆಯ ಮೇಲೆ ವರ್ಷಕ್ಕೆ ಶೇ 0.5, ಐದು ವರ್ಷಕ್ಕೆ.

ತಪ್ಪು ಮಾಡಿದ್ದು 2016ರಲ್ಲಿ. ಅವಧಿ ಮುಗಿದಾಗ ಪತ್ರ ಬಂತು. ಹಳಬರು ಬೇಕಾದರೆ ಮುಂದುವರಿಸಬಹುದು, ಆದರೆ ಈಗ ಬೆಲೆ ಏರಿಕೆಯ ಮೇಲೆ ಕೊಡುವುದು ಶೇ 0.01 ಮಾತ್ರ ಅಂತ. ಆ ವರ್ಷ ಇಲ್ಲಿ ಬೆಲೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದವು. ಆ 0.01 ನೋಡಿ ನನಗೆ ನಗು ಬಂತು. ಬ್ಯಾಂಕೊಂದರ ಐದು ವರ್ಷದ ಡೆಪಾಸಿಟ್ ಇದಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತಿತ್ತು. ಬಿಡಿಸಿಕೊಂಡು ಅಲ್ಲಿ ಹಾಕಿದೆ. ಮಳೆ ಇಲ್ಲದ ವರ್ಷ ಕೊಡೆ ಮಾರಿದ ಹಾಗೆ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗಲು ಆಗುವುದಿಲ್ಲ ಅಂತ ಆ ಪತ್ರದಲ್ಲೇ ಬರೆದಿತ್ತು. ಓದಿದ್ದೆ ಕೂಡ.

2021ರ ಬೇಸಿಗೆಯಲ್ಲಿ ಡೆಪಾಸಿಟ್ ಮುಗಿಯಿತು, ಕೈಗೆ 12,000 ಬಂತು. ವರ್ಷದ ಕೊನೆಗೆ ಬೆಲೆಗಳು ಶೇ 5ರ ಮೇಲೆ ಏರತೊಡಗಿದ್ದವು. ಬ್ಯಾಂಕ್ ಬಡ್ಡಿ ಏನೂ ಇಲ್ಲ. ಆಗ ನನಗೆ ಬುದ್ಧಿ ಬಂತು ಅಂದುಕೊಂಡೆ. ಸರ್ಟಿಫಿಕೇಟ್ ಇಲ್ಲದಿದ್ದರೇನು, ಬೆಲೆ ಏರಿಕೆಗೆ ಕಟ್ಟಿದ ಸರ್ಕಾರಿ ಬಾಂಡ್, ಅಂದರೆ ಸರ್ಕಾರ ಸಾಲ ತೆಗೆದು ಬರೆದುಕೊಡುವ ಪತ್ರ, ಇದೆಯಲ್ಲ! ಅಂಥ ಬಾಂಡ್‌ಗಳನ್ನೇ ಕೊಳ್ಳುವ ಒಂದು ಫಂಡಿಗೆ ಅಷ್ಟನ್ನೂ ಹಾಕಿದೆ.

2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 11.1ಕ್ಕೆ ಹೋಯಿತು. ನಲವತ್ತು ವರ್ಷದಲ್ಲಿ ಅಷ್ಟು ಏರಿರಲಿಲ್ಲ. ನನ್ನ ಹಣವೂ ಏರಬೇಕಿತ್ತು, ಅಲ್ವಾ? ಆ ವರ್ಷದ ಕೊನೆಗೆ ನೋಡಿದರೆ 12,000 ಇದ್ದದ್ದು 8,000ದ ಹತ್ತಿರ. ಬೆಲೆ ಏರಿಕೆಯನ್ನೂ ಕಳೆದರೆ, ಹಿಂದಿನ ವರ್ಷದ ಲೆಕ್ಕದಲ್ಲಿ ಸುಮಾರು 7,200. ಮನೆಯಲ್ಲಿ ಹೀಟರ್ ಹಾಕಲು ಯೋಚನೆ ಮಾಡುತ್ತಿದ್ದ ಚಳಿಗಾಲ ಅದು. ಅವತ್ತು ರಾತ್ರಿ ನಿಮಗೆ ಫೋನ್ ಮಾಡಲಿಲ್ಲ.

ಹೇಗೆ ಹೀಗಾಯಿತು ಅಂತ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ನಿಮಗೆ ಎರಡು ನಿಮಿಷ ಸಾಕು, ಗಣಿತದ ಮೇಷ್ಟ್ರಲ್ಲವೇ. 20 ವರ್ಷದ ಬಳಿಕ ಇವತ್ತಿನ ಬೆಲೆಯ 100 ಪೌಂಡ್ ಕೊಡುತ್ತೇವೆ ಅನ್ನುವ ಒಂದು ಬಾಂಡ್ ಇದೆ ಅಂತಿಟ್ಟುಕೊಳ್ಳಿ. ಬೆಲೆ ಏರಿಕೆ ತುಂಬಿಕೊಟ್ಟರೆ ಸಾಕು, ಮೇಲೆ ಏನೂ ಬೇಡ ಅನ್ನುವವರು ಬಾಂಡ್ ಕೊಳ್ಳುವ ಮಾರುವ ಸಂತೆಯಲ್ಲಿದ್ದರೆ ಅದರ ಬೆಲೆ 100. ಅದೇ ಜನ ವರ್ಷಕ್ಕೆ ಶೇ 3 ಮೇಲೆ ಬೇಕು ಅಂದರೆ? 100ನ್ನು 1.03ರಿಂದ 20 ಸಲ ಭಾಗಿಸಿ. 55 ಬರುತ್ತದೆ. ನಾಲ್ಕೇ ವರ್ಷದ ಬಾಂಡ್ ಆಗಿದ್ದರೆ 89.

2021ರಲ್ಲಿ ಜನ ಬೆಲೆ ಏರಿಕೆಗಿಂತ ಕಡಿಮೆ ಸಿಕ್ಕರೂ ಪರವಾಗಿಲ್ಲ ಅಂತ ಇಂಥ ಬಾಂಡ್ ಕೊಳ್ಳುತ್ತಿದ್ದರು. ಅಂದರೆ 100ರ ಮಾಲಿಗೆ 100ಕ್ಕಿಂತ ಜಾಸ್ತಿ ಕೊಡುತ್ತಿದ್ದರು. 2022ರಲ್ಲಿ ಬಡ್ಡಿ ಏರಿತು, ಎಲ್ಲರೂ ಮೇಲೆ ಕೇಳತೊಡಗಿದರು. ನನ್ನ ಫಂಡಿನಲ್ಲಿ ಇದ್ದದ್ದು ಹೆಚ್ಚಾಗಿ ದೂರದ ಬಾಂಡ್‌ಗಳೇ, ಕೆಲವು ಮೂವತ್ತು ನಲವತ್ತು ವರ್ಷದವು. ಅಜ್ಜಿ ಬಾಂಡಿಗೆ ಈ ಸಂತೆಯೇ ಇರಲಿಲ್ಲ. ಅದರ ಬೆಲೆಯನ್ನು ದಿನಾ ಕೂಗುವವರಿಲ್ಲ. ನಾನು ಹೆಸರು ಒಂದೇ ಅಂತ ಎರಡನ್ನೂ ಒಂದೇ ಅಂದುಕೊಂಡೆ.

ಪಕ್ಕದ ಮನೆಯ ಅಜ್ಜಿ ತಮ್ಮ ಸರ್ಟಿಫಿಕೇಟ್‌ಗಳನ್ನು ಸುಮ್ನೆ ಮುಂದುವರಿಸುತ್ತಾ ಬಂದವರು. 2019ರಲ್ಲಿ ಅಳತೆಗೋಲನ್ನೇ ಬದಲಿಸಿದರು, ಹಳೆಯ ಚಿಲ್ಲರೆ ಬೆಲೆ ಸೂಚ್ಯಂಕದ ಬದಲು ಗ್ರಾಹಕ ಬೆಲೆ ಸೂಚ್ಯಂಕ. ಇದು ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. 2022ರ ಅಕ್ಟೋಬರ್‌ನಲ್ಲೇ ನೋಡಿ, ಹಳೆಯದು 14.2, ಹೊಸದು 11.1. ಅಜ್ಜಿ ಗೊಣಗಿದರು, ಆದರೆ ಬಿಡಿಸಲಿಲ್ಲ. ನಾನು ಕಳೆದುಕೊಂಡ ಕಾಲದಲ್ಲಿ ಅವರಿಗೆ ಶೇ 10ರ ಆಸುಪಾಸು ಬಂತು, ಅದೂ ತೆರಿಗೆ ಇಲ್ಲದೆ. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ.

ಈಗ ಏನು ಮಾಡಿದ್ದೇನೆ ಅಂತ ಕೇಳುತ್ತೀರಿ. ಕಳೆದ ವರ್ಷ ಫಂಡ್ ಮಾರಿ, ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಕಿ ಒಂದೇ ಒಂದು ಬೆಲೆ ಏರಿಕೆಯ ಬಾಂಡನ್ನು ನೇರವಾಗಿ ಕೊಂಡೆ. 2028ರ ಆಗಸ್ಟ್ 10ಕ್ಕೆ ಮುಗಿಯುತ್ತದೆ. ಆ ಸೆಪ್ಟೆಂಬರ್‌ನಲ್ಲೇ ಪುಟ್ಟಿ ಕಾಲೇಜು ಸೇರುವುದು. ಮಧ್ಯದಲ್ಲಿ ಸಂತೆ ಏನೇ ಕೂಗಲಿ, ಕೊನೆಯ ದಿನದವರೆಗೆ ಇಟ್ಟುಕೊಂಡರೆ ಏರಿದ ಬೆಲೆಯಷ್ಟು ಸೇರಿಸಿ ಕೊಟ್ಟೇ ಕೊಡಬೇಕು. ಬಡ್ಡಿ ಎಂಟನೇ ಒಂದು ಪರ್ಸೆಂಟ್, ಅದಕ್ಕೆ ತೆರಿಗೆ ಇದೆ. ಅಸಲಿನ ಏರಿಕೆಗೆ ಇಲ್ಲ. ಇದಕ್ಕೆ ಈಗಲೂ ಹಳೆಯ ಅಳತೆಗೋಲೇ. ಅದನ್ನು ಬದಲಿಸುವುದು 2030ಕ್ಕೆ, ಅಷ್ಟರಲ್ಲಿ ನನ್ನದು ಮುಗಿದಿರುತ್ತದೆ.

ಮಿಕ್ಕಿದ್ದು ಒಂದು ವರ್ಷದ ಡೆಪಾಸಿಟ್‌ನಲ್ಲಿದೆ. ಈ 2024ರ ಜೂನ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಶೇ 5.25, ಹಣದುಬ್ಬರ ಶೇ 2ಕ್ಕೆ ಇಳಿದಿದೆ. ಸದ್ಯಕ್ಕೆ ಸಾದಾ ಡೆಪಾಸಿಟ್ಟೇ ಗೆಲ್ಲುತ್ತಿದೆ. ಎಷ್ಟು ದಿನವೋ. ಅದಕ್ಕೇ ಎರಡು ಕಡೆ ಕಾಲಿಟ್ಟಿದ್ದೇನೆ.

ಬಾಂಡ್ ಕೊಂಡ ಬೆಲೆ, ಇವತ್ತಿನ ಸೂಚ್ಯಂಕ, ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಪುಟ್ಟಿಯ ಮೊದಲ ವರ್ಷದ ಫೀಸಿಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ನನಗೊಂದು ಉತ್ತರ ಬಂದಿದೆ. ನೀವೂ ಒಮ್ಮೆ ಮಾಡಿ ನೋಡಿ. ಬೈಯುವುದಿದ್ದರೆ ಲೆಕ್ಕ ಮುಗಿದ ಮೇಲೆ ಬೈಯಿರಿ. ಅಮ್ಮನಿಗೆ ಹಣ ಎಂಟು ಸಾವಿರಕ್ಕೆ ಇಳಿದ ಸಂಗತಿ ನೀವೇ ನಿಧಾನವಾಗಿ ಹೇಳಿ.

ನಿಮ್ಮ ಮಗಳು