ದಾವೆಯೇ ಇಲ್ಲ ಅಂದಿರಿ, ನೀವು ನಕಲಿನ ಅರ್ಜಿಯನ್ನೇ ಹಾಕಿರಲಿಲ್ಲ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ

ವಿಷಯ: 1984ನೇ ಇಸವಿಯ ಪಾಲು ದಾವೆಯ ದೃಢೀಕೃತ ನಕಲು ತರಿಸಿಕೊಡುತ್ತೇವೆಂದು ಹಣ ಪಡೆದು, ಕೆಲಸ ಮಾಡದೆ, ದಾಖಲೆಯೇ ಇಲ್ಲ ಎಂದು ಬರೆದುಕೊಟ್ಟ ಬಗ್ಗೆ.

ಮಾನ್ಯರೇ,

ಈ ಪತ್ರಕ್ಕೆ ಮೊದಲು ನಿಮಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಮೂರು ಈಮೇಲ್ ಕಳಿಸಿದ್ದೇನೆ. ಒಂದು ಸಲವೂ ದನಿ ಏರಿಸಿಲ್ಲ. ಪ್ರತಿ ಸಲವೂ "ಪ್ರೋಸೆಸ್‌ನಲ್ಲಿದೆ ಮೇಡಂ" ಎಂಬ ಒಂದೇ ಉತ್ತರ ಬಂತು. ಇನ್ನು ಫೋನ್ ಮಾಡುವುದಿಲ್ಲ. ಇದು ಸ್ಪೀಡ್ ಪೋಸ್ಟ್‌ನಲ್ಲಿ ಬರುತ್ತಿದೆ, ರಸೀದಿ ನನ್ನ ಹತ್ತಿರ ಇದೆ.

ನಮ್ಮ ಆರ್ಡರ್ ನಂಬರ್, ಹಣ ಕಟ್ಟಿದ ತಾರೀಖು ಎಲ್ಲ ನಿಮ್ಮ ದಾಖಲೆಯಲ್ಲೇ ಇವೆ. ನಿಮ್ಮ ಷರತ್ತುಗಳಲ್ಲಿ 6ನೇ ಅಂಶ ಏನು ಹೇಳುತ್ತದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆದವರು ನೀವೇ. 21 ದಿನದಲ್ಲಿ ನಕಲು ಕೊಡುತ್ತೇವೆ ಅಂದವರೂ ನೀವೇ. ನಾನು 7,200 ರೂಪಾಯಿ ಕಟ್ಟಿದ್ದು ಜೂನ್ 9ಕ್ಕೆ.

ನಮಗೆ ಬೇಕಾಗಿದ್ದು ದೊಡ್ಡ ವಿಷಯ ಏನಲ್ಲ. ಅಜ್ಜನ ಜಮೀನಿನ ಬಗ್ಗೆ ದೊಡ್ಡಪ್ಪ 1984ರಲ್ಲಿ ಪಾಲು ಕೇಳಿ ದಾವೆ ಹಾಕಿದ್ದರು. ನಮ್ಮ ಅಪ್ಪ ಅದರಲ್ಲಿ 3ನೇ ಪ್ರತಿವಾದಿ. 1991ರಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ (ಕೋರ್ಟಿನ ಆದೇಶ) ಆಯಿತು. 1996ರಲ್ಲಿ ಅಂತಿಮ ಡಿಕ್ರಿ ಆಗಿ, ಸರ್ವೇಯವರು ಅಳೆದು ಹಿಸ್ಸಾ ಗುರುತು ಮಾಡಿದರು. ಆದರೆ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಇವತ್ತಿಗೂ ಅಜ್ಜನ ಹೆಸರೇ ಇದೆ. ಅಪ್ಪನ ಪಾಲಿಗೆ ಖಾತೆ ಮಾಡಿಸಲು ತಾಲ್ಲೂಕು ಕಚೇರಿಯಲ್ಲಿ ಡಿಕ್ರಿಯ ದೃಢೀಕೃತ ನಕಲು ಕೇಳಿದರು. ನಮ್ಮ ಮನೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಿತ್ತು. ಅಪ್ಪನಿಗೆ ಈಗ 82 ವರ್ಷ. ಬದುಕಿರುವಾಗಲೇ ಇದು ಮುಗಿಯಲಿ ಎಂಬುದೊಂದೇ ಅವರ ಆಸೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಊರಿಗೆ ಓಡಾಡಲು ರಜೆ ಸಿಗುವುದಿಲ್ಲ. ಅದಕ್ಕೇ ನಿಮ್ಮನ್ನು ನಂಬಿದೆ.

ಆಗಸ್ಟ್ 19ರಂದು ಅಪ್ಪನನ್ನು ಕರೆದುಕೊಂಡು ನಿಮ್ಮ ಆಫೀಸಿಗೆ ಬಂದೆ. ಆ ದಿನ ನಡೆದದ್ದನ್ನು ಒಂದೂ ಬಿಡದೆ ಬರೆಯುತ್ತೇನೆ. ನೀವು ಕೂತು ಓದಬೇಕು.

ನಿಮ್ಮ ಆಫೀಸು ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅಪ್ಪ ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದರು. ಕೌಂಟರ್ ಮುಂದೆ ಎರಡು ಕುರ್ಚಿ ಇದ್ದವು. ಒಂದರ ಮೇಲೆ ಕೊರಿಯರ್ ಡಬ್ಬಗಳು, ಇನ್ನೊಂದರ ಮೇಲೆ ಯಾರದೋ ಹೆಲ್ಮೆಟ್. ಯಾರೂ ತೆಗೆಯಲಿಲ್ಲ. ನಾನೇ ಹೆಲ್ಮೆಟ್ ಎತ್ತಲು ಹೋದಾಗ "ಅದು ಸರ್‌ದು, ಮುಟ್ಬೇಡಿ" ಅಂದರು. ಅಪ್ಪ ಕೊನೆಯವರೆಗೂ ನಿಂತೇ ಇದ್ದರು. ಕೈಯಲ್ಲಿ ಬಟ್ಟೆ ಚೀಲ. ಅದರಲ್ಲಿ ಹಳೇ ವಕೀಲರು ಬರೆದ ಎರಡು ಕಾಗದ, ದಾವೆ ನಂಬರ್ ಬರೆದ ಚೀಟಿ.

ಕೌಂಟರ್‌ನಲ್ಲಿದ್ದ ನಿಮ್ಮ ಹುಡುಗ ಕೇಳಿದ, "ಕೇಸ್ ನಂಬರ್?"

ಚೀಟಿ ತೋರಿಸಿದೆ. ಓಎಸ್ (ಮೂಲ ದಾವೆ) ನಂಬರ್, ಇಸವಿ, ಕೋರ್ಟಿನ ಹೆಸರು ಮೂರೂ ಅದರಲ್ಲಿದ್ದವು.

"ಇದಲ್ಲ ಮೇಡಂ. ಸಿಎನ್‌ಆರ್ ನಂಬರ್ ಕೊಡಿ. ಕಂಪ್ಯೂಟರ್‌ನಲ್ಲಿ ಪ್ರತಿ ಕೇಸಿಗೂ ಕೊಡೋ ಹದಿನಾರು ಅಕ್ಷರದ್ದು ಇರುತ್ತೆ."

"1984ರ ದಾವೆಗೆ ಸಿಎನ್‌ಆರ್ ಎಲ್ಲಿಂದ ಬರುತ್ತೆ ಅಪ್ಪಾ? ಆಗ ಕೋರ್ಟಿಗೆ ಕಂಪ್ಯೂಟರೇ ಬಂದಿರಲಿಲ್ಲ."

ಆತ ಇ-ಕೋರ್ಟ್ಸ್ ವೆಬ್‌ಸೈಟ್ ತೆಗೆದ. ದಾವಣಗೆರೆ ಜಿಲ್ಲೆ, ನಮ್ಮ ತಾಲ್ಲೂಕು, ಅಜ್ಜನ ಹೆಸರು, 1984 ಅಂತ ಹಾಕಿದ. ಏನೂ ಬರಲಿಲ್ಲ. ಪರದೆಯನ್ನು ನಮ್ಮ ಕಡೆ ತಿರುಗಿಸಿದ. "ನೋಡಿ, ಇಲ್ಲ."

"ಆನ್‌ಲೈನ್‌ನಲ್ಲಿ ಇಲ್ಲ ಅಂದ್ರೆ ಕೋರ್ಟಿನಲ್ಲೇ ಇಲ್ಲ ಅಂತ ಅರ್ಥ ಅಲ್ಲ ಅಲ್ವಾ? ರೆಕಾರ್ಡ್ ರೂಮಿನಲ್ಲಿ ಹುಡುಕಿಸಿದ್ರಾ?"

"ಮೇಡಂ, ನಾವು ದಿನಾ ಮಾಡೋದು ಇದೇ ಕೆಲಸ."

ಆಮೇಲೆ ಒಳಗಿನ ಕೋಣೆಗೆ ಕೇಳುವ ಹಾಗೆ ಕೂಗಿದ, "ಸಿಸ್ಟಂನಲ್ಲೇ ಇಲ್ದಿರೋ ಕೇಸ್ ಅಂತೆ ಸರ್, ಏನ್ ಮಾಡೋದು?" ಒಳಗಿನಿಂದ ಯಾರೋ ನಕ್ಕರು. ಸರತಿಯಲ್ಲಿದ್ದವರೂ ನಮ್ಮ ಕಡೆ ತಿರುಗಿ ನೋಡಿದರು. ಆಗ ಆತ ಅಪ್ಪನನ್ನು ನೋಡಿ, ನನಗೆ ಹೇಳಿದ, "ತಾತನಿಗೆ ವಯಸ್ಸಾಗಿದೆ. ಪಂಚಾಯ್ತಿ ಕಟ್ಟೆ ಮೇಲೆ ಆಗಿದ್ದನ್ನ ಕೋರ್ಟು ಅಂದ್ಕೊಂಡಿರ್ಬಹುದು ಬಿಡಿ."

ಅಪ್ಪನಿಗೆ ಎಡಗಿವಿ ಕೇಳುವುದಿಲ್ಲ. "ಏನಂದ?" ಅಂತ ಕೇಳಿದರು. ನಾನು "ಹುಡುಕ್ತಾರಂತೆ ಅಪ್ಪಾ" ಅಂದೆ. ಆದರೆ ಅವರಿಗೆ ಅರ್ಥವಾಗಿತ್ತು. ಮೆಟ್ಟಿಲು ಇಳಿಯುವಾಗ ಅರ್ಧದಲ್ಲಿ ನಿಂತು, "ಹನ್ನೆರಡು ವರ್ಷ ವಾಯ್ದೆಗೆ ಓಡಾಡಿದೀನಿ ಕಣಮ್ಮ. ನಾನು ಸುಳ್ಳು ಹೇಳ್ತೀನಾ?" ಅಂದರು. ಅಪ್ಪ ನನ್ನೆದುರು ಕಣ್ಣು ಒರೆಸಿಕೊಂಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿದ್ದು ಅಮ್ಮ ಹೋದಾಗ ಮಾತ್ರ.

ಮೂರು ವಾರದ ಮೇಲೆ ನಿಮ್ಮ ವರದಿ ಬಂತು. "ನ್ಯಾಯಾಲಯದಲ್ಲಿ ಪರಿಶೀಲಿಸಲಾಗಿ, ಸದರಿ ದಾಖಲೆ ಲಭ್ಯವಿಲ್ಲ." ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆವು, ಅದು ತಿರಸ್ಕಾರವಾಯಿತು ಅಂತಲೂ ಬರೆದಿದ್ದೀರಿ. ಕೋರ್ಟಿನ ಕಡತದ ನಕಲು ಬೇಕಾದರೆ ಹೈಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕು, ಮಾಹಿತಿ ಹಕ್ಕಿನಲ್ಲಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲೇ ಹೇಳಿದೆ. ಗುಜರಾತ್ ಹೈಕೋರ್ಟಿನ ಪ್ರಕರಣ ಅದು. ಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ಇದು ಒಂದು ಸಂಜೆ ಕೂತು ಓದಿದಾಗ ಗೊತ್ತಾಯಿತು. ಇದೇ ವ್ಯಾಪಾರ ಮಾಡುವ ನಿಮಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಹಾಕಿದ್ದೀರಿ ಅಂತಲೇ ನಾನು ತಿಳಿದಿದ್ದೇನೆ.

ಸೆಪ್ಟೆಂಬರ್ ಕೊನೆಗೆ ನಾನೇ ರಜೆ ಹಾಕಿ ಹೋದೆ. ನೀವು ಮಾಡಬೇಕಾಗಿದ್ದ ಕೆಲಸ ಹೇಗೆ ಆಯಿತು ಅಂತ ತಿಳಿಸುತ್ತೇನೆ.

ಚೀಟಿಯಲ್ಲಿ ಮುನ್ಸೀಫ್ ಕೋರ್ಟ್ ಅಂತ ಇತ್ತು. ಈಗ ಅದೇ ಕೋರ್ಟಿನ ಬೋರ್ಡಿನಲ್ಲಿ ಸಿವಿಲ್ ನ್ಯಾಯಾಧೀಶರು, ಕಿರಿಯ ಶ್ರೇಣಿ ಅಂತ ಇದೆ. ನಮ್ಮ ತಾಲ್ಲೂಕು 1997ರ ತನಕ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಹಳೇ ಕಾಗದದಲ್ಲೆಲ್ಲ ಶಿವಮೊಗ್ಗ ಅಂತಲೇ ಇದೆ. ನಕಲು ಶಾಖೆಯಲ್ಲಿ ಅರ್ಜಿ ಬರೆದೆವು. ದಾವೆ ನಂಬರ್, ಎರಡೂ ಕಡೆಯವರ ಹೆಸರು, ಯಾವ ಕಾಗದ ಬೇಕು, ಅಷ್ಟೇ. ಕೋರ್ಟ್ ಫೀ ಸ್ಟಾಂಪ್ ಹಚ್ಚಿದೆವು. ಅಪ್ಪ ದಾವೆಯಲ್ಲಿ ಪಕ್ಷಗಾರರೇ ಆದ್ದರಿಂದ ಅವರ ಸಹಿ ಸಾಕಾಯಿತು. ತೀರ್ಪು, ಡಿಕ್ರಿಗಳ ನಕಲನ್ನು ಪಕ್ಷಗಾರರು ಕೇಳಿದರೆ ಅವರ ಖರ್ಚಿನಲ್ಲಿ ಕೊಡಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 20, ನಿಯಮ 20 ಹೇಳುತ್ತದೆ.

ಅಲ್ಲಿನ ಸಿಬ್ಬಂದಿ ಒಂದು ಮಾತು ಕೇಳಿದರು. "ನಿಮಗೆ ಓಎಸ್ ಡಿಕ್ರಿ ಬೇಕಾ, ಎಫ್‌ಡಿಪಿ ಡಿಕ್ರಿ ಬೇಕಾ?" ಎಫ್‌ಡಿಪಿ ಅಂದರೆ ಅಂತಿಮ ಡಿಕ್ರಿಯ ಅರ್ಜಿ, ಅದಕ್ಕೆ ಬೇರೆಯದೇ ನಂಬರ್ ಇರುತ್ತದಂತೆ. ಖಾತೆಗೆ ಬೇಕಾಗಿದ್ದು ಅದೇ. ನೀವು ನಾಲ್ಕು ತಿಂಗಳಲ್ಲಿ ಒಂದು ಸಲವೂ ಈ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ನೀವು ಕೆಲಸ ಶುರು ಮಾಡಿದ್ದೀರಿ ಅಂತಲಾದರೂ ಗೊತ್ತಾಗುತ್ತಿತ್ತು. ಅವರು ದಪ್ಪ ರಟ್ಟಿನ ದಾವೆ ರಿಜಿಸ್ಟರ್ ತೆಗೆದರು. 1984ರ ಪುಟದಲ್ಲಿ ನಮ್ಮ ದಾವೆ ಇತ್ತು. ತೀರ್ಮಾನವಾದ ತಾರೀಖೂ ಅದೇ ಸಾಲಿನಲ್ಲಿತ್ತು. ಅಲ್ಲಿ ಕಡತದ ಕಟ್ಟುಗಳನ್ನು ಇಟ್ಟಿರುವುದು ತೀರ್ಮಾನವಾದ ವರ್ಷದ ಪ್ರಕಾರ, ದಾವೆ ಹಾಕಿದ ವರ್ಷದ ಪ್ರಕಾರ ಅಲ್ಲ. ಹಾಗಾಗಿ ದಾವೆಯ ಕಟ್ಟು 1991ರಲ್ಲಿ, ಎಫ್‌ಡಿಪಿ ಕಟ್ಟು 1996ರಲ್ಲಿ ಸಿಕ್ಕಿತು. ಒಂಬತ್ತು ದಿನಕ್ಕೆ ನಕಲು ಕೈಗೆ ಬಂತು. ನಕ್ಷೆ ಸೇರಿ 43 ಪುಟ. ಕೊನೇ ಪುಟದಲ್ಲಿ ಮೊಹರು, ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಲ್ಲವೂ ಇವೆ.

ಅದನ್ನು ಕಂಡಾಗ ಅಪ್ಪ ಮೊದಲು ಓದಿದ್ದು ತಮ್ಮ ಹೆಸರನ್ನು. "3ನೇ ಪ್ರತಿವಾದಿ" ಅಂತ ಬೆರಳಿಟ್ಟು ನನಗೆ ತೋರಿಸಿದರು.

ನನ್ನ ತಾಳ್ಮೆ ಮುಗಿದದ್ದು ಆಮೇಲೆ. ಹೊರಡುವ ಮುಂಚೆ ಸುಮ್ನೆ ಕೇಳಿದೆ, ಈ ದಾವೆಗೆ ಮುಂಚೆ ಯಾರಾದರೂ ನಕಲು ಅರ್ಜಿ ಹಾಕಿದ್ದರಾ ಅಂತ. ಅವರು ನಕಲು ಅರ್ಜಿಗಳ ರಿಜಿಸ್ಟರ್ ತೆಗೆದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೊಂದೇ ಪುಟ ತಿರುಗಿಸಿ ನೋಡಿದರು. ಒಂದು ಅರ್ಜಿಯೂ ಇಲ್ಲ.

ಅಂದರೆ ನೀವು ಕೋರ್ಟಿಗೆ ಹೋಗಿಯೇ ಇಲ್ಲ. ಯಾರನ್ನೂ ಕಳಿಸಿಲ್ಲ. ಒಂದು ವೆಬ್‌ಸೈಟಿನಲ್ಲಿ ಒಂದು ಹೆಸರು ಹಾಕಿ ನೋಡಿ, "ನ್ಯಾಯಾಲಯದಲ್ಲಿ ಪರಿಶೀಲಿಸಲಾಗಿ" ಅಂತ ಲೆಟರ್‌ಹೆಡ್ ಮೇಲೆ ಬರೆದು, ಸಹಿ ಹಾಕಿ ಕಳಿಸಿದ್ದೀರಿ. ನಿಮ್ಮ ಬಿಲ್ಲಿನಲ್ಲಿ "ಕೋರ್ಟ್ ಶುಲ್ಕ" ಅಂತ 1,450 ರೂಪಾಯಿ ಇದೆ. ಹಾಕದ ಅರ್ಜಿಗೆ ಯಾವ ಶುಲ್ಕ? ಎಲ್ಲಿ ಕಟ್ಟಿದಿರಿ? ರಸೀದಿ ತೋರಿಸಿ.

ನಾವೇನೋ ಓದು ಬರಹ ಬಲ್ಲವರು, ಹೋಗಿ ತಂದೆವು. ನಿಮ್ಮ ಈ ಕಾಗದ ನಂಬಿ, "ಕೋರ್ಟಿನಲ್ಲಿ ನಮ್ಮ ದಾಖಲೆ ಇಲ್ಲವಂತೆ" ಅಂತ ಪಾಲನ್ನೇ ಬಿಟ್ಟುಕೊಟ್ಟ ರೈತರು ಎಷ್ಟು ಜನ ಇದ್ದಾರೋ. ರಾತ್ರಿ ಇದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಈಗ ನನ್ನ ಬೇಡಿಕೆ. ಪೂರ್ತಿ 7,200 ರೂಪಾಯಿ 15 ದಿನದಲ್ಲಿ ವಾಪಸ್ ಬರಬೇಕು. ಆ ವರದಿ ತಪ್ಪು ಎಂದು ಲಿಖಿತವಾಗಿ ಬರೆದುಕೊಡಬೇಕು. ಅಪ್ಪನ ಹೆಸರಿಗೆ, ಕನ್ನಡದಲ್ಲಿ, ಕ್ಷಮೆ ಪತ್ರ ಬರಬೇಕು.

ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೇವೆಗೆ ಕಟ್ಟಿದ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ, ನಾನೇ ವಾದ ಮಾಡುತ್ತೇನೆ. ಎರಡು ವರ್ಷದ ಕಾಲಾವಕಾಶ ಇದೆ, ನನಗೆ ಅಷ್ಟು ಬೇಕಾಗಿಲ್ಲ. 1915 ಗ್ರಾಹಕ ಸಹಾಯವಾಣಿಯಲ್ಲಿ ಈಗಾಗಲೇ ದೂರು ದಾಖಲಿಸಿದ್ದೇನೆ. ಆ ನಕಲು ಅರ್ಜಿ ರಿಜಿಸ್ಟರನ್ನು ಆಯೋಗದ ಮುಂದೆ ತರಿಸಲು ಕೇಳುತ್ತೇನೆ. ಕೌಂಟರ್‌ನ ಹುಡುಗನನ್ನು ಮುಂದೆ ಮಾಡಿ ನೀವು ಹಿಂದೆ ನಿಲ್ಲಲು ಬಿಡುವುದಿಲ್ಲ. ಆ ವರದಿಗೆ ಸಹಿ ಹಾಕಿದವರೇ ಬಂದು, ಯಾವ ದಿನ ಯಾವ ಕೋರ್ಟಿನಲ್ಲಿ ಪರಿಶೀಲಿಸಿದಿರಿ ಅಂತ ಪ್ರಮಾಣ ಮಾಡಿ ಹೇಳಬೇಕು.

ಹಣ ಮಾತ್ರ ಕಳಿಸಿ ಸುಮ್ಮನಾಗೋಣ ಅಂದುಕೊಳ್ಳಬೇಡಿ. ಕ್ಷಮೆ ಪತ್ರ ಬಾರದೆ ನಾನು ನಿಲ್ಲುವುದಿಲ್ಲ. ಎಷ್ಟು ವಾಯ್ದೆ ಬಿದ್ದರೂ ಬರುತ್ತೇನೆ. ಅಪ್ಪನೂ ನನ್ನ ಜೊತೆ ಬರುತ್ತಾರೆ. ಅವರಿಗೆ ಹನ್ನೆರಡು ವರ್ಷದ ಅಭ್ಯಾಸ ಇದೆ.

ಇಂತಿ,
ಆ ದಾವೆಯ 3ನೇ ಪ್ರತಿವಾದಿಯ ಮಗಳು

ಲಗತ್ತು: ನಿಮ್ಮ ಬಿಲ್ಲು, ನಿಮ್ಮ ವರದಿ, ದೃಢೀಕೃತ ನಕಲಿನ ಮೊದಲ ಮತ್ತು ಕೊನೇ ಪುಟದ ಜೆರಾಕ್ಸ್.