ಇಟಾಲಿಯನ್ ಹೋಟೆಲ್ ಹುಡುಕುವವರಿಗೆ

ಎಲ್ಲರಿಗೂ ನಮಸ್ಕಾರ. ದೊಡ್ಡ ನಗರದಲ್ಲಿ ಅಸಲಿ ಇಟಾಲಿಯನ್ ಊಟ, ಅದೂ ಕೈಗೆಟುಕುವ ಬೆಲೆಗೆ, ಎಲ್ಲಿ ಸಿಗುತ್ತದೆ ಅಂತ ತುಂಬಾ ಜನ ಕೇಳಿದ್ದೀರಿ. ಮೊದಲು ಮೆನು ನೋಡಿ. ಪುಸ್ತಕದಷ್ಟು ದಪ್ಪ ಇದ್ದರೆ ನಾನಂತೂ ಎದ್ದು ಬರುತ್ತೇನೆ. ಕಾರ್ಬೊನಾರಾ ಅನ್ನುವ ಪಾಸ್ತಾಗೆ ಕ್ರೀಮ್ ಹಾಕುತ್ತೀರಾ ಅಂತ ಕೇಳಿ, ಹೌದು ಅಂದರೆ ಅದು ಅಸಲಿ ಅಲ್ಲ. ರೋಮ್ ಕಡೆ ಅದಕ್ಕೆ ಮೊಟ್ಟೆ, ಪೆಕೊರಿನೊ ಚೀಸ್, ಹಂದಿ ಕೆನ್ನೆಯ ಮಾಂಸ, ಕಾಳುಮೆಣಸು ಅಷ್ಟೇ. ಸಾಸ್‌ಗೆ ಕ್ರೀಮಿನಂಥ ನುಣುಪು ಬರುವುದು ಮೊಟ್ಟೆ, ಚೀಸ್ ಎರಡೂ ಪಾಸ್ತಾ ಬೇಯಿಸಿದ ನೀರಿನ ಜೊತೆ ಬೆರೆತಾಗ. ನೇಪಲ್ಸ್ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಸೀದಿದೆ ಅಂತ ಸುಮ್ನೆ ವಾಪಸ್ ಕಳಿಸಬೇಡಿ. ದುಡ್ಡು ಉಳಿಸಬೇಕಾ? ಪ್ರವಾಸಿಗರ ಮುಖ್ಯ ರಸ್ತೆ ಬಿಟ್ಟು ಎರಡು ಓಣಿ ಒಳಗೆ ಹೋಗಿ, ರಾತ್ರಿ ಬದಲು ಮಧ್ಯಾಹ್ನ. ಒಳ್ಳೆಯ ಜಾಗ ಸಿಕ್ಕಿದರೆ ಇಲ್ಲೇ ಹಾಕಿ, ಏನು ತಿಂದಿರಿ, ಬಿಲ್ ಎಷ್ಟಾಯಿತು ಅಂತಾನೂ ಬರೆಯಿರಿ.